ಹೆಂಗಸರ ಫೋಟೊಗೊಂದು ಬಹುಮಾನ: ಶೆಟ್ಟಿಕೆರೆಯಲ್ಲಿ ಕಲಿತದ್ದು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಹೆಣ್ಣುಮಕ್ಕಳು ತೆಗೆದ ಫೋಟೊಗಳಿಗೆ ವರ್ಷಕ್ಕೊಂದು ಬಹುಮಾನ ಕೊಡುವ ಕೆಲಸವನ್ನು ನಾವು ಕೆಲವರು ಶೆಟ್ಟಿಕೆರೆಯಲ್ಲಿದ್ದುಕೊಂಡು ನಡೆಸುತ್ತಾ ಬಂದಿದ್ದೇವೆ. ವರ್ಷಕ್ಕೊಂದು ವಿಷಯ, ಅದಕ್ಕೆ ಐದು ಫೋಟೊಗಳ ಒಂದು ಸರಣಿ. ಸ್ಟುಡಿಯೊ ಇಟ್ಟುಕೊಂಡವರೂ ಕಳಿಸುತ್ತಾರೆ, ಮೊಬೈಲು ಬಿಟ್ಟು ಬೇರೆ ಕ್ಯಾಮೆರಾ ಮುಟ್ಟಿಯೇ ಇರದವರೂ ಕಳಿಸುತ್ತಾರೆ. "ನಮ್ಮೂರಲ್ಲೂ ಶುರು ಮಾಡಬೇಕು, ಹೇಗೆ?" ಎಂದು ಬೇರೆ ಕಡೆಯ ಅಧ್ಯಾಪಕಿಯರು ಕೇಳುತ್ತಿರುತ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಂದೆಡೆ ಬರೆದಿದ್ದೇನೆ. ಮೊದಲೇ ಹೇಳಬೇಕಾದ ಮಾತೊಂದಿದೆ. ಬಹುಮಾನ ಕೊಡುವ ಸಮಾರಂಭ ಒಂದು ಬೆಳಿಗ್ಗೆಯಲ್ಲಿ ಮುಗಿದುಹೋಗುತ್ತದೆ. ಹೆಂಗಸೊಬ್ಬಳು ಫೋಟೊ ತೆಗೆಯುವುದಕ್ಕೆ ಬೇಕಾದ ಹೊತ್ತು, ಫೋನು, ಧೈರ್ಯ ಇವನ್ನು ಒದಗಿಸಿಕೊಡುವುದಕ್ಕೆ ವರ್ಷವಿಡೀ ಓಡಾಡಬೇಕಾಗುತ್ತದೆ. ಅಷ್ಟು ಓಡಾಡುವ ಮನಸ್ಸಿದ್ದರೆ ಮಾತ್ರ ಶುರು ಮಾಡಿ.

1. ವಿಷಯ ಅವರ ಮನೆಯೊಳಗಿನದೇ ಆಗಿರಲಿ

"ಮಹಿಳಾ ಸಬಲೀಕರಣ" ಎಂದು ವಿಷಯ ಕೊಟ್ಟರೆ ಏನು ಬರುತ್ತದೆಂದು ಫೋಟೊ ಸ್ಪರ್ಧೆ ನಡೆಸಿದವರಿಗೆಲ್ಲ ಗೊತ್ತು. ಬಿಂದಿಗೆ ಹೊತ್ತ ಹೆಂಗಸು, ಟ್ರ್ಯಾಕ್ಟರ್ ಮೇಲೆ ಕೂತ ಹುಡುಗಿ, ಕೈ ಕೈ ಹಿಡಿದು ಸಾಲಾಗಿ ನಿಂತ ಸಂಘದ ಸದಸ್ಯೆಯರು. ತೆಗೆದವರು ನೂರು ಜನವಾದರೂ ಫೋಟೊ ಒಂದೇ. ಅಂಥ ವಿಷಯಕ್ಕೆ ಉತ್ತರ ಮೊದಲೇ ಸಿದ್ಧವಾಗಿರುತ್ತದೆ, ಕ್ಯಾಮೆರಾ ಹಿಡಿದವಳಿಗೆ ಅದನ್ನು ನಕಲು ಮಾಡುವುದಷ್ಟೇ ಉಳಿಯುತ್ತದೆ.

ಒಂದೇ ಮಾತಿನ ವಿಷಯ ಕೊಟ್ಟರೆ ಹೀಗಾಗುವುದಿಲ್ಲ. ಜಿನೀವಾದ ಪಿಕ್ಟೆ ಬ್ಯಾಂಕಿನವರು 2008ರಿಂದ ಕೊಡುತ್ತಿರುವ ಪ್ರಿ ಪಿಕ್ಟೆ ಬಹುಮಾನದ ವಿಷಯಗಳನ್ನು ನೋಡಿ: ನೀರು, ಭೂಮಿ, ಬೆಂಕಿ, ಮನುಷ್ಯ. 2023ರಲ್ಲಿ, 'ಮನುಷ್ಯ' ಎಂಬ ವಿಷಯಕ್ಕೆ, 1 ಲಕ್ಷ ಸ್ವಿಸ್ ಫ್ರಾಂಕ್‌ನ ಆ ಬಹುಮಾನ ಗೆದ್ದವರು ನಮ್ಮ ದೇಶದ ಗೌರಿ ಗಿಲ್. 1999ರಿಂದ ರಾಜಸ್ಥಾನದ ಮರಳುಸೀಮೆಯ ಹಳ್ಳಿಗಳಿಗೆ ಹೋಗಿಬರುತ್ತಾ, ಅಲ್ಲಿನ ಮನೆಗಳಲ್ಲಿ ಒಬ್ಬರಾಗಿ ತೆಗೆದ ಫೋಟೊಗಳವು. ಅಷ್ಟು ದೊಡ್ಡ ಮಾತಿಗೆ ಉತ್ತರ ಸಿಕ್ಕಿದ್ದು ಒಂದು ಸೀಮೆಯ ಕೆಲವು ಮನೆಗಳ ಒಳಗೆ.

ನಾವು ಒಂದು ವರ್ಷ 'ಅಟ್ಟ' ಎಂದು ಕೊಟ್ಟೆವು. ಈ ಸೀಮೆಯ ಓದುಗರಿಗೆ ಅಟ್ಟ ಎಂದರೇನೆಂದು ಹೇಳಬೇಕಾಗಿಲ್ಲ. ಹೊರಗಿನವರಿಗೆ ಎರಡು ಮಾತು. ತಿಪಟೂರಿನ ಉಂಡೆ ಕೊಬ್ಬರಿ ಆಗುವುದೇ ಅಟ್ಟದ ಮೇಲೆ. ಬಲಿತ ಕಾಯನ್ನು ಸಿಪ್ಪೆ ಸಮೇತ ರಿಪೀಸುಗಳ ಮೇಲೆ ಹರಡಿ ಎಂಟು ತಿಂಗಳಿಂದ ವರ್ಷದವರೆಗೂ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು, ಅಲ್ಲಾಡಿಸಿದರೆ ಗಿಟುಕು ಗಡಗಡ ಎನ್ನಬೇಕು. ಆಮೇಲೆ ಸುಲಿದು, ಉಂಡೆ ಒಡೆಯದ ಹಾಗೆ ಕರಟ ಬಿಡಿಸಬೇಕು. ಮಾರುಕಟ್ಟೆಗೆ ಹೋಗಿ ರೇಟು ಮಾತಾಡುವವರು ಗಂಡಸರು. ಅಟ್ಟ ಹತ್ತಿ ಕಾಯಿ ನೋಡುವುದು, ಇಲಿ ಹೆಗ್ಗಣ ಕಾಯುವುದು, ಕರಟ ಬಿಡಿಸುವುದು ಇವೆಲ್ಲ ಬಹುಮಟ್ಟಿಗೆ ಹೆಂಗಸರ ಪಾಲು.

ಆ ವರ್ಷದ ಬಹುಮಾನ ಪಡೆದ ಸರಣಿ ಇನ್ನೂ ನನ್ನ ಕಣ್ಣ ಮುಂದಿದೆ. ಮೊದಲ ಫೋಟೊದಲ್ಲಿ ಒಂದು ಕೈ, ಕಿವಿಯ ಪಕ್ಕಕ್ಕೆ ಹಿಡಿದ ಕಾಯಿ, ಗಿಟುಕಾಗಿದೆಯೋ ಇಲ್ಲವೋ ಎಂದು ಕೇಳಿಸಿಕೊಳ್ಳುತ್ತಿರುವ ಅರ್ಧ ಮುಖ. ಅಟ್ಟದ ಕತ್ತಲಲ್ಲಿ ಅಗ್ಗದ ಫೋನಿನ ಫೋಟೊ ಕಾಳುಕಾಳಾಗಿ ಬರುತ್ತದೆ. ಆಕೆ ಮಾಡಿನ ಒಂದು ಹೆಂಚು ಸರಿಸಿ, ಬಿಸಿಲು ಕಾಯಿಯ ಮೇಲೆ ಬೀಳುವ ಹೊತ್ತು ಯಾವುದೆಂದು ಗೊತ್ತು ಮಾಡಿಕೊಂಡು, ಅಲುಗದಂತೆ ಫೋನನ್ನು ರಿಪೀಸಿಗೆ ಆನಿಸಿ ತೆಗೆದಿದ್ದರು. ನಾಲ್ಕನೆಯದರಲ್ಲಿ ಕಾಯಿ ರಾಶಿಯ ಹಿಂದೆ ಒಂದು ಟ್ರಂಕು. ಐದನೆಯದರಲ್ಲಿ ಟ್ರಂಕು ತೆರೆದಿದೆ, ಒಳಗೆ ಮೇಲ್ಗಡೆ ಆಕೆಯ ಬಿ.ಎ. ಅಂಕಪಟ್ಟಿ. ಮದುವೆಯಾಗಿ ಬಂದಾಗ ಮೇಲಿಟ್ಟದ್ದು. ಸಬಲೀಕರಣ ಎಂಬ ವಿಷಯ ಕೊಟ್ಟಿದ್ದರೆ ಆ ಅಂಕಪಟ್ಟಿ ಕೆಳಗಿಳಿಯುತ್ತಲೇ ಇರಲಿಲ್ಲ.

2. ಗಡುವು ಹಾಕುವ ಮೊದಲು ಹೊಲದ ಕಡೆ ನೋಡಿ

ನವೆಂಬರ್ ಬಂದರೆ ರಾಗಿ ಕುಯ್ಲು, ಅದಾದ ಮೇಲೆ ಒಕ್ಕಣೆ. ಬೇಸಿಗೆ ಹತ್ತಿರವಾದರೆ ಮಕ್ಕಳ ಪರೀಕ್ಷೆ, ಜಾತ್ರೆ, ನೆಂಟರು. ಒಂದು ತಿಂಗಳ ಗಡುವು ವರ್ಷದ ಯಾವ ಮೂಲೆಯಲ್ಲಿಟ್ಟರೂ ಯಾವುದಾದರೊಂದು ಕೆಲಸದ ಮೇಲೇ ಬೀಳುತ್ತದೆ. ಅದಕ್ಕೆ ನಮ್ಮದು ಯುಗಾದಿಗೆ ತೆರೆದು ಗೌರಿ ಹಬ್ಬಕ್ಕೆ ಮುಗಿಯುತ್ತದೆ. ಉದ್ದವಾಯಿತು ಎನ್ನುವವರಿದ್ದಾರೆ. ಆದರೆ ಹೊತ್ತು ಸಿಕ್ಕಿದಾಗ ಒಂದು, ಮಳೆ ಬಂದು ಮನೆಯಲ್ಲಿದ್ದಾಗ ಇನ್ನೊಂದು ಅಂತ ತೆಗೆಯುವವರಿಗೆ ಈ ಅವಧಿಯೇ ಬೇಕು. ಪ್ರಚಾರಕ್ಕೆ ಪತ್ರಿಕೆಯ ಮೂಲೆಯಲ್ಲೊಂದು ಸುದ್ದಿ ಸಾಲದು. ಹಾಲಿನ ಡೇರಿಯ ಗೋಡೆ, ಸ್ತ್ರೀಶಕ್ತಿ ಸಂಘದ ವಾರದ ಸಭೆ, ಅಂಗನವಾಡಿ, ಆಶಾ ಕಾರ್ಯಕರ್ತೆಯರ ಬಾಯಿಮಾತು, ಇವೇ ನಮ್ಮ ಪತ್ರಿಕೆಗಳು.

3. ಫೋನು ಯಾರದ್ದಾದರೂ ಫೋಟೊ ತೆಗೆದವಳದ್ದು

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ತಾವೇ ಬಳಸುವ ಮೊಬೈಲು ಇದೆ ಎಂದ ಹೆಂಗಸರು ದೇಶದಲ್ಲಿ ನೂರಕ್ಕೆ 54 ಮಂದಿ. ಮಿಕ್ಕವರ ಮನೆಯಲ್ಲಿ ಫೋನಿಲ್ಲವೆಂದಲ್ಲ, ಅದು ಗಂಡನ ಜೇಬಿನಲ್ಲಿ ಅಥವಾ ಮಗನ ಕೈಯಲ್ಲಿ ಇರುತ್ತದೆ. ನಮಗೆ ಬರುವ ಸರಣಿಗಳಲ್ಲಿ ಎಷ್ಟೋ ರಾತ್ರಿ ಊಟವಾದ ಮೇಲೆ ಅಥವಾ ಭಾನುವಾರ ತೆಗೆದವು, ಕಾರಣ ಇಷ್ಟೇ.

ಇಲ್ಲೊಂದು ಕಾನೂನಿನ ವಿಷಯವನ್ನು ಪ್ರತಿ ಸಭೆಯಲ್ಲೂ ಹೇಳುತ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೊದ ಕರ್ತೃ ಎಂದರೆ ಅದನ್ನು ತೆಗೆದವರು. ಕ್ಯಾಮೆರಾ ಕೊಂಡವರಲ್ಲ, ಕರೆನ್ಸಿ ಹಾಕಿಸುವವರಲ್ಲ. ಆ ಹಕ್ಕು ಆಕೆ ಇರುವಷ್ಟು ಕಾಲ, ಆಕೆಯ ನಂತರವೂ 60 ವರ್ಷ ನಡೆಯುತ್ತದೆ. ಇದನ್ನು ಕೇಳಿದಾಗ ಸಭೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಜಮೀನಿನ ಪಹಣಿಯಲ್ಲಿ ಹೆಸರಿಲ್ಲದ ಹೆಂಗಸಿಗೆ ಒಂದು ಫೋಟೊದ ಮೇಲೆ ಕಾಯ್ದೆಬದ್ಧ ಹಕ್ಕಿದೆ ಎಂಬುದು ಸಣ್ಣ ಸಂಗತಿಯಲ್ಲ. ಹಾಗಿರುವಾಗ "ಸ್ಪರ್ಧೆಗೆ ಬಂದ ಫೋಟೊಗಳೆಲ್ಲ ಆಯೋಜಕರ ಸ್ವತ್ತು" ಎಂಬ ನಿಯಮವನ್ನು ಅರ್ಜಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಮ್ಮ ಅರ್ಜಿಯಲ್ಲಿ ಬರೆದಿರುವುದು ಇಷ್ಟು: ಈ ವರ್ಷದ ಪ್ರದರ್ಶನಕ್ಕೆ ಮತ್ತು ಕರಪತ್ರಕ್ಕೆ ಬಳಸಿಕೊಳ್ಳುತ್ತೇವೆ, ಬೇರೆ ಯಾವುದಕ್ಕೇ ಆದರೂ ನಿಮ್ಮನ್ನು ಕೇಳುತ್ತೇವೆ.

ಕೆಲಸದ ಸೂಚನೆಗಳು ಎರಡು. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಫೈಲು ಕುಗ್ಗಿಹೋಗುತ್ತದೆ, ದೊಡ್ಡ ಪ್ರಿಂಟಿಗೆ ಆಗುವುದಿಲ್ಲ. ಡಾಕ್ಯುಮೆಂಟ್ ಆಗಿ ಕಳಿಸುವುದನ್ನು ಎದುರಿಗೆ ಕೂರಿಸಿಕೊಂಡು ಕಲಿಸಿ. ಫೋಟೊದ ಬಗ್ಗೆ ನಾಲ್ಕು ಸಾಲು ಬರೆಯಿರಿ ಎಂದರೆ ಹೆದರುವವರು, ಮಾತಾಡಿ ಕಳಿಸಿ ಎಂದರೆ ನಿರಾಳವಾಗುತ್ತಾರೆ. ವಾಯ್ಸ್ ಮೆಸೇಜನ್ನು ಕೇಳಿ ನಾವೇ ಬರೆದುಕೊಳ್ಳುತ್ತೇವೆ, ಅವರಾಡಿದ ಮಾತಿನಲ್ಲೇ.

4. ವಯಸ್ಸಿನ ಮಿತಿ ಹಾಕಬೇಡಿ

ಬೆಂಗಳೂರಿನ ಟೋಟೊ ಫಂಡ್ಸ್ ದಿ ಆರ್ಟ್ಸ್ ಸಂಸ್ಥೆ 2004ರಲ್ಲಿ ಹುಟ್ಟಿದ್ದು. ಅದರ ಪ್ರಶಸ್ತಿಗಳು ಫೋಟೊಗ್ರಫಿಗೂ ಉಂಟು, ಕನ್ನಡದ ಬರವಣಿಗೆಗೂ ಉಂಟು, 30 ವರ್ಷದೊಳಗಿನವರಿಗೆ. ಎಳೆಯ ಪ್ರತಿಭೆಯನ್ನು ಗುರುತಿಸುವುದು ಅದರ ಉದ್ದೇಶ, ಅದು ಸರಿಯಾಗಿಯೇ ಇದೆ. ನಮ್ಮ ಕಡೆ ಹೆಣ್ಣುಮಗಳಿಗೆ ಇಪ್ಪತ್ತರಿಂದ ಮೂವತ್ತೈದರವರೆಗೆ ಮದುವೆ, ಬಸುರು, ಬಾಣಂತನ, ಮಕ್ಕಳ ಸ್ಕೂಲು. ಕೈ ಬಿಡುವಾಗುವುದು ಆಮೇಲೆ. ನಮ್ಮಲ್ಲಿ ಒಳ್ಳೆಯ ಫೋಟೊಗಳು ಬಹಳಷ್ಟು ಬಂದಿರುವುದು ನಲವತ್ತು ದಾಟಿದವರಿಂದ. ಅವರಿಗೆ ನೋಡಿ ಗೊತ್ತಿರುತ್ತದೆ, ತೆಗೆಯುವುದನ್ನು ಕಲಿತರೆ ಸಾಕು.

5. ಹೆಸರು ಅವರು ಹೇಳಿದ ಹಾಗೆಯೇ ಅಚ್ಚಾಗಲಿ

ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೋಮೈ ವ್ಯಾರಾವಾಲಾ ಅವರ ಆರಂಭದ ಫೋಟೊಗಳು ಅಚ್ಚಾದದ್ದು ಅವರ ಪತಿ ಮಾಣೆಕ್‌ಷಾ ಅವರ ಹೆಸರಿನಲ್ಲಿ. 1913ರಲ್ಲಿ ಹುಟ್ಟಿದ ಅವರು 1970ರಲ್ಲಿ ಕ್ಯಾಮೆರಾ ಕೆಳಗಿಟ್ಟರು. ಪದ್ಮವಿಭೂಷಣ ಬಂದದ್ದು 2011ರಲ್ಲಿ, ತೀರಿಕೊಳ್ಳುವುದಕ್ಕೆ ಒಂದು ವರ್ಷ ಮೊದಲು. ಕೆಲಸ ಮಾಡುತ್ತಿದ್ದ ಕಾಲದಲ್ಲಿ ಸಿಗಬೇಕಾದದ್ದು ಅಷ್ಟು ತಡವಾಗಿ ಸಿಕ್ಕಿತು.

ಅರ್ಜಿಯಲ್ಲಿ 'ಗಂಡನ ಹೆಸರು' ಎಂಬ ಕಾಲಂ ನಾವು ಇಟ್ಟಿಲ್ಲ. ಅಚ್ಚಿನಲ್ಲಿ ಯಾವ ಹೆಸರು ಬೇಕು ಎಂದು ಕೇಳುತ್ತೇವೆ. ಕೆಲವರು ತವರಿನ ಊರನ್ನು ಸೇರಿಸಿ ಹೇಳುತ್ತಾರೆ, ಕೆಲವರು ಮನೆಯಲ್ಲಿ ಕರೆಯುವ ಹೆಸರು ಸಾಕು ಎನ್ನುತ್ತಾರೆ. ಹೆಸರೇ ಬೇಡ ಎನ್ನುವವರೂ ಇದ್ದಾರೆ, ಅವರನ್ನು ಒತ್ತಾಯಿಸಬಾರದು. ಮನೆಯೊಳಗೆ ಅದರ ಬೆಲೆ ಏನೆಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

6. ಫೋಟೊದಲ್ಲಿರುವವರನ್ನು ಕೇಳಿದಿರಾ?

ತೆಗೆಯುವವಳು ಹೆಂಗಸು ಎಂದ ಮಾತ್ರಕ್ಕೆ ತೆಗೆಸಿಕೊಳ್ಳುವವರ ಒಪ್ಪಿಗೆ ತಾನಾಗಿ ಬಂದುಬಿಡುವುದಿಲ್ಲ. ತೋಟದ ಮನೆಯ ಹೆಣ್ಣುಮಗಳು ನಾರಿನ ಫ್ಯಾಕ್ಟರಿಯಲ್ಲಿ ಕೂಲಿ ಮಾಡುವ ಹೆಂಗಸಿನ ಫೋಟೊ ತೆಗೆದಾಗ ಅಲ್ಲಿ ಜಾತಿ, ಜಮೀನು ಎರಡೂ ನಿಂತಿರುತ್ತವೆ. ಬೀದರ್ ಗಡಿಯಾಚೆ, ಜಹೀರಾಬಾದ್ ಬಳಿಯ ಪಸ್ತಾಪುರದಲ್ಲಿ, ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ರೈತ ಮಹಿಳೆಯರು ವರ್ಷಗಳಿಂದ ವಿಡಿಯೊ ಚಿತ್ರ ಮಾಡುತ್ತಿದ್ದಾರೆ. ಎದುರಿಗಿರುವವರ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಹಿಡಿಯುವುದನ್ನು ಅವರು 'ಸಂಘಂ ಶಾಟ್' ಎನ್ನುತ್ತಾರೆ, ಸಂಘದಲ್ಲಿ ಎಲ್ಲರೂ ಒಂದೇ ಮಟ್ಟದಲ್ಲಿ ಕೂರುತ್ತಾರಾದ್ದರಿಂದ. ನಮ್ಮ ತರಬೇತಿಯಲ್ಲಿ ಮೊದಲು ಮಾಡಿಸುವುದೇ ಇದು: ಅವರು ನೆಲದ ಮೇಲಿದ್ದರೆ ನೀವೂ ನೆಲಕ್ಕೆ ಕೂತು ತೆಗೆಯಿರಿ, ತೆಗೆದದ್ದನ್ನು ಅವರಿಗೆ ತೋರಿಸಿ, ಬೇಡವೆಂದರೆ ಅವರೆದುರಿಗೇ ಅಳಿಸಿ. ಮಕ್ಕಳ ಫೋಟೊಗೆ ತಂದೆತಾಯಿಯ ಒಪ್ಪಿಗೆ ಇಲ್ಲದಿದ್ದರೆ ಎಷ್ಟೇ ಚೆನ್ನಾಗಿದ್ದರೂ ಆ ಸರಣಿ ತೀರ್ಪಿಗೆ ಹೋಗುವುದಿಲ್ಲ.

7. ತೀರ್ಪುಗಾರರ ಕೈಯಲ್ಲಿ ಯಾವ ಅಳತೆಗೋಲಿದೆ?

ಕರ್ನಾಟಕದಲ್ಲಿ ಸಲೋನ್ ಸ್ಪರ್ಧೆಗಳ ಪರಂಪರೆ ಗಟ್ಟಿಯಾಗಿದೆ. ವನ್ಯಜೀವಿ ಫೋಟೊಗಳಲ್ಲಿ ನಮ್ಮವರು ಲೋಕದಲ್ಲೇ ಹೆಸರು ಮಾಡಿದ್ದಾರೆ. ಫೋಕಸ್ ಸ್ಪಷ್ಟವಿರಬೇಕು, ಚೌಕಟ್ಟು ಹದವಾಗಿರಬೇಕು, ಹಿನ್ನೆಲೆ ಗಲೀಜಾಗಿರಬಾರದು ಎಂಬ ಶಿಸ್ತು ಅಲ್ಲಿಂದ ಬಂದದ್ದು, ಅದನ್ನು ಗೌರವಿಸುತ್ತೇನೆ. ಆದರೆ ಅಡುಗೆಮನೆಯ ಫೋಟೊದಲ್ಲಿ ಹಿನ್ನೆಲೆಯ ಗಲೀಜೇ ವಿಷಯವಾಗಿರಬಹುದು. ಇವತ್ತಿನ ಫೋಟೊ ಕಲೆ ಆ ಶಿಸ್ತಿನಾಚೆಗೂ ಬಹಳ ದೂರ ಹೋಗಿದೆ. ತೀರ್ಪುಗಾರರಲ್ಲಿ ಅದು ತಿಳಿದವರು ಒಬ್ಬರಾದರೂ ಇರಲೇಬೇಕು.

ಬೆಂಗಳೂರಿನ ಪುಷ್ಪಮಾಲಾ ಎನ್. ಅವರ ಕೆಲಸವನ್ನು ನಾವು ತರಬೇತಿಯಲ್ಲಿ ತೋರಿಸುತ್ತೇವೆ. ಶಿಲ್ಪಿಯಾಗಿ ಶುರು ಮಾಡಿದ ಅವರು 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಸೇರಿ ದಕ್ಷಿಣ ಭಾರತದ ಹೆಂಗಸರನ್ನು ಕುರಿತ ದೊಡ್ಡ ಸರಣಿಯೊಂದನ್ನು ಮಾಡಿದರು. ರವಿವರ್ಮನ ಲಕ್ಷ್ಮಿ, ಕೆರೆಯಿಂದ ನೀರು ತರುವ ಹೆಣ್ಣು, ಪತ್ರಿಕೆಯಲ್ಲಿ ಬಂದಿದ್ದ ಪೊಲೀಸ್ ಫೋಟೊದ ಕಳ್ಳಿಯರು, ಹೀಗೆ ಹೆಂಗಸರ ಬಗ್ಗೆ ಎಲ್ಲರ ತಲೆಯಲ್ಲಿ ಕೂತಿರುವ ಚಿತ್ರಗಳನ್ನು ಹುಡುಕಿ, ತಾವೇ ವೇಷ ಕಟ್ಟಿ ಅವುಗಳೊಳಗೆ ನಿಂತರು. ಬಿಂದಿಗೆಯ ಹೆಂಗಸು ಎಲ್ಲಿಂದ ಬಂದಳು, ಆಕೆಯನ್ನು ಹಾಗೆ ನಿಲ್ಲಿಸಿದವರು ಯಾರು ಎಂಬ ಪ್ರಶ್ನೆ ಆ ಫೋಟೊಗಳಲ್ಲಿದೆ.

ಇದನ್ನು ತೋರಿಸಿದ ಮೇಲೆ ಬರುವ ಫೋಟೊಗಳ ರೀತಿಯೇ ಬದಲಾಗುತ್ತದೆ. ತುರುವೇಕೆರೆ ಕಡೆಯ ಒಬ್ಬ ಹುಡುಗಿ ಅತ್ತೆಯ ಮದುವೆಯ ಕಪ್ಪುಬಿಳುಪು ಫೋಟೊ ಹುಡುಕಿ, ಅದೇ ಸೀರೆ ಉಟ್ಟು, ಅದೇ ಗೋಡೆಗೆ ಒರಗಿ ನಿಂತಳು. ಕ್ಯಾಮೆರಾ ಒತ್ತಿದವರು ಅತ್ತೆ. ಇದು ಯಾರ ಫೋಟೊ ಎಂದು ತೀರ್ಪುಗಾರರಲ್ಲಿ ದೊಡ್ಡ ಚರ್ಚೆಯಾಯಿತು. ಅತ್ತೆ ಸೊಸೆ ಇಬ್ಬರ ಹೆಸರನ್ನೂ ಹಾಕಿದೆವು.

ಗೆಲ್ಲದವರಿಗೂ ಎರಡು ಸಾಲು ಉತ್ತರ ಹೋಗಬೇಕು, ಯಾವ ಫೋಟೊ ಚೆನ್ನಾಗಿದೆ, ಏಕೆ ಎಂದು. ಕಷ್ಟದ ಕೆಲಸ. ತೀರ್ಪುಗಾರರು ಒಲ್ಲೆ ಎಂದರೆ ಬೇರೆಯವರನ್ನು ನೋಡಿಕೊಳ್ಳಿ.

8. ಪ್ರದರ್ಶನ ಅವರ ದಾರಿಯಲ್ಲಿ ಸಿಗಬೇಕು

ಪಿ. ಸಾಯಿನಾಥ್ ಅವರು 1993ರಿಂದ 2002ರವರೆಗೆ ಹಳ್ಳಿಯ ಹೆಂಗಸರ ದುಡಿಮೆಯನ್ನು ತೆಗೆದ ಫೋಟೊಗಳ ಪ್ರದರ್ಶನ ಬಸ್‌ಸ್ಟ್ಯಾಂಡು, ಕಾರ್ಖಾನೆ, ಕೂಲಿಕಾರರ ಸಮಾವೇಶಗಳಲ್ಲಿ ತಿರುಗಿತು. ಫೋಟೊದಲ್ಲಿದ್ದಂಥವರೇ ಬಂದು ನೋಡಿದರು. ನಮ್ಮದು ಡೇರಿ ಮುಂದೆ, ಹಾಲು ಹಾಕುವ ಹೊತ್ತಿಗೆ. ಸನ್‌ಬೋರ್ಡಿಗೆ ಅಂಟಿಸಿದ 12 x 18 ಅಂಗುಲದ ಮ್ಯಾಟ್ ಪ್ರಿಂಟು. ಹೊಳೆಯುವ ಲ್ಯಾಮಿನೇಷನ್ ಬೇಡ, ಬಿಸಿಲಲ್ಲಿ ಏನೂ ಕಾಣುವುದಿಲ್ಲ. ಫ್ಲೆಕ್ಸಂತೂ ಬೇಡವೇ ಬೇಡ. ರಾಜಕಾರಣಿಗಳ ಹುಟ್ಟುಹಬ್ಬದ ಜೊತೆ ಅದೂ ಒಂದಾಗಿಬಿಡುತ್ತದೆ. ಪ್ರದರ್ಶನ ಮುಗಿದ ಮೇಲೆ ಪ್ರಿಂಟು ತೆಗೆದವರ ಮನೆಗೆ ಹೋಗಬೇಕು. ಶೋಕೇಸಿನ ಪಕ್ಕದ ಗೋಡೆಯಲ್ಲಿ ಮಗನ ಗ್ರೂಪ್ ಫೋಟೊ ಜೊತೆ ಅಮ್ಮ ತೆಗೆದ ಫೋಟೊ ತೂಗಿರುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

9. ಹಣ

ಆಕೆಯದೇ ಖಾತೆಗೆ, ಜಂಟಿ ಖಾತೆಗಲ್ಲ. ಪ್ರವೇಶ ಶುಲ್ಕ ಇಡಬೇಡಿ. ಹತ್ತು ಸಮಾಧಾನಕರ ಬಹುಮಾನ ಹಂಚುವುದಕ್ಕಿಂತ ಒಂದನ್ನೇ ದೊಡ್ಡದಾಗಿ ಕೊಡಿ, ಅದರಲ್ಲಿ ಏನಾದರೂ ಒಂದು ಕೊಳ್ಳುವಂತಿರಬೇಕು.

10. ಗೆದ್ದ ಮಾರನೆಯ ದಿನ ಏನು?

ಬಹುಮಾನ ಅಲ್ಲಿಗೇ ನಿಂತರೆ ಅದು ಒಂದು ಶಾಲು, ಒಂದು ಫಲಕ. ಗೌರಿ ಗಿಲ್ 2003ರಲ್ಲಿ ರಾಜಸ್ಥಾನದ ಲೂಣಕರಣಸರದಲ್ಲಿ ಹುಡುಗಿಯರಿಗೆಂದು ನಡೆದ ಮೇಳದಲ್ಲಿ ಡೇರೆ ಹಾಕಿ, ಬಂದ ಹುಡುಗಿಯರನ್ನು ಅವರು ಬಯಸಿದ ಹಾಗೆ ನಿಲ್ಲಿಸಿ ಫೋಟೊ ತೆಗೆದರು. 2010ರಲ್ಲಿ ಮತ್ತೆ ಅದೇ ಊರಿಗೆ ಹೋದರು. ನನಗೆ ದೊಡ್ಡದೆನಿಸುವುದು ಆ ಮತ್ತೆ ಹೋದದ್ದು.

ನಾವು ಮಾಡುವುದು ಮೂರು ಕೆಲಸ. ಗೆದ್ದವರನ್ನೂ ಆಸಕ್ತಿಯಿದ್ದ ಉಳಿದವರನ್ನೂ ಬೆಂಗಳೂರಿನ ಕಸ್ತೂರ್‌ಬಾ ರಸ್ತೆಯ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿಗೆ ಕರೆದುಕೊಂಡು ಹೋಗುತ್ತೇವೆ. 2023ರ ಫೆಬ್ರುವರಿಯಲ್ಲಿ ಕಟ್ಟಡ ತೆರೆದಾಗ ಅಲ್ಲಿದ್ದ ಪ್ರದರ್ಶನಗಳಲ್ಲಿ ಒಂದು, ಕಲೆಯಲ್ಲಿ ಹೆಂಗಸರು ಹೇಗೆ ಕಾಣಿಸಿಕೊಂಡಿದ್ದಾರೆ, ಹೇಗೆ ಕಾಣದಾಗಿದ್ದಾರೆ ಎಂಬುದನ್ನು ಕುರಿತದ್ದು. ಅದೇ ವರ್ಷ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ಸರ್ಕಾರಿ ಬಸ್ಸಿಗೆ ದುಡ್ಡಿಲ್ಲ ಎಂದಾದ ಮೇಲೆ "ಬಸ್ ಚಾರ್ಜು ಯಾರು ಕೊಡ್ತಾರಮ್ಮ?" ಎಂಬ ಅತ್ತೆಯರ ಪ್ರಶ್ನೆ ಬಿದ್ದುಹೋಯಿತು. ತಿಪಟೂರಿನ ತರಬೇತಿಗೆ ಬರುವವರ ಸಂಖ್ಯೆ ಏರಿದ್ದು ನಮ್ಮ ಪ್ರಚಾರದಿಂದಲ್ಲ, ಆ ಬಸ್ಸಿನಿಂದ.

ಎರಡನೆಯದು, ಸಂಪಾದನೆ. ಸೀಮಂತ, ನಾಮಕರಣ, ಹೆಣ್ಣುಮಕ್ಕಳ ಆರತಿ ಶಾಸ್ತ್ರಗಳಿಗೆ ಫೋಟೊ ತೆಗೆಯುವವರು ಹೆಂಗಸರೇ ಆದರೆ ಒಳ್ಳೆಯದು ಎನ್ನುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಹೊಸ ಬೇಡಿಕೆಯೇನಲ್ಲ ಇದು. 1892ರಲ್ಲೇ ಹೈದರಾಬಾದಿನಲ್ಲಿ ಲಾಲಾ ದೀನ್ ದಯಾಳ್ ಹೆಂಗಸರಿಗೆಂದೇ ಜನಾನಾ ಸ್ಟುಡಿಯೊ ತೆರೆದು, ಅದನ್ನು ಕೆನಿ-ಲೆವಿಕ್ ಎಂಬ ಮಹಿಳೆಗೆ ವಹಿಸಿದ್ದರು. ಲೈಟು, ಲೆನ್ಸು ಬಾಡಿಗೆಗೆ ಕೊಡುವವರನ್ನು ಪರಿಚಯ ಮಾಡಿಸಿ, ರೇಟು ಕೇಳುವುದನ್ನು ಹೇಳಿಕೊಟ್ಟರೆ ಮುಂದಿನದನ್ನು ಅವರು ನೋಡಿಕೊಳ್ಳುತ್ತಾರೆ. ರೇಟು ಕೇಳುವುದನ್ನು ಕಲಿಸುವುದಕ್ಕೆ ಫೋಕಸ್ ಕಲಿಸುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ಮೂರನೆಯದು, ಗೆದ್ದವರು ಮುಂದಿನ ವರ್ಷ ತೀರ್ಪುಗಾರರ ಜೊತೆ ಕೂರಬೇಕು, ಮುಂದಿನ ವಿಷಯವನ್ನೂ ಅವರೇ ಸೂಚಿಸಬೇಕು. ಕಳೆದ ಸಲ ಗೆದ್ದ ಅಕ್ಕ ಕೊಟ್ಟಿರುವ ವಿಷಯ 'ಜಗಲಿ'. ಸಂಜೆ ಜಗಲಿಯ ಮೇಲೆ ಕೂತು ಹರಟುವವರು ಗಂಡಸರು, ನಾವು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುವವರು. ಕ್ಯಾಮೆರಾ ಹಿಡಿದು ಆಚೆ ಬಂದರೆ ಯಾರು ಎದ್ದು ಹೋಗ್ತಾರೆ, ಯಾರು ಜರುಗಿ ಜಾಗ ಕೊಡ್ತಾರೆ ನೋಡೋಣ ಎಂದರು. ಸಮಿತಿಯಲ್ಲಿ ಯಾರೂ ಎರಡನೇ ಮಾತಾಡಲಿಲ್ಲ. ಕರಪತ್ರ ಅಚ್ಚಿಗೆ ಹೋಗಿದೆ.